ಬಿಸಿನೀರಿಗೆ ಸರ್ಕಾರದ ಸಬ್ಸಿಡಿ ಇದೆಯೇನ್ರೀ? ಗೀಸರ್ ಬಿಲ್ ನೋಡಿ ಚಳಿ ಬಿಟ್ಟಿತು

ಮಾಳಮಡ್ಡಿ ಅಕ್ಕ (ಜನವರಿ 7, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಹಳೇ ಮನೆ. ಮುಂದಿನ ಭಾಗ ಹಂಚು, ಹಿಂದೆ ಎರಡು ಕೋಣೆ ಆರ್‌ಸಿಸಿ. ಐದು ಜನ ಇದ್ದೇವೆ. ಅತ್ತೆಯವರಿಗೆ 78 ವರ್ಷ, ಮಂಡಿ ನೋವು. ಬೆಳಗ್ಗೆ ಐದಕ್ಕೇ ಬಿಸಿನೀರು ಬೇಕು. ಅದಕ್ಕೆ ರಾತ್ರಿಯೇ ಗೀಸರ್ ಹಾಕಿ ಮಲಗುತ್ತೇವೆ. 25 ಲೀಟರಿನದು, ಹತ್ತು ವರ್ಷ ಹಳೆಯದು.

ಡಿಸೆಂಬರ್ ಬಿಲ್ ಬಂತು. 214 ಯೂನಿಟ್, ಹದಿನೆಂಟು ನೂರು ಚಿಲ್ಲರೆ ರೂಪಾಯಿ! ಗೃಹಜ್ಯೋತಿ ಬಂದಾಗಿನಿಂದ ಸೊನ್ನೆ ನೋಡಿ ನೋಡಿ ಅಭ್ಯಾಸವಾಗಿತ್ತು. ಮೀಟರ್ ಓದುವ ಹುಡುಗ ಚೀಟಿ ಕೈಗೆ ಕೊಟ್ಟು "ಗೀಸರ್ ಏನ್ರೀ ಅಕ್ಕಾರ?" ಅಂತ ನಕ್ಕು ಹೋದ.

ನನ್ನ ತಮ್ಮ ಇಂಗ್ಲೆಂಡಿನಲ್ಲಿದ್ದಾನೆ. ಅವನು ಮನೆಯ ಗ್ಯಾಸ್ ಬಾಯ್ಲರ್ ತೆಗೆಸಿ ಹೀಟ್ ಪಂಪ್, ಅಂದರೆ ಹೊರಗಿನ ಗಾಳಿಯ ಶಾಖ ಎಳೆದು ಮನೆ ಕಾಯಿಸುವ ಯಂತ್ರ, ಹಾಕಿಸಿದನಂತೆ. ಸರ್ಕಾರ 7,500 ಪೌಂಡ್ ಕೊಟ್ಟಿತಂತೆ. ನಮಗೆ ಮನೆ ಕಾಯಿಸುವ ಗೋಜಿಲ್ಲ, ಕಾಯಿಸುವುದು ನೀರು ಮಾತ್ರ. ಅದಕ್ಕೆ ಇಲ್ಲಿ ಏನಾದರೂ ಸಬ್ಸಿಡಿ ಇದೆಯಾ?

ಒಬ್ಬ ಏಜೆಂಟ್ ಬಾಗಿಲಿಗೇ ಬಂದು "ಸೋಲಾರ್‌ಗೆ 78 ಸಾವಿರ ಸರ್ಕಾರ ಕೊಡುತ್ತೆ" ಅಂದ. ನೀರಿನ ಸೋಲಾರಾ, ಕರೆಂಟಿನ ಸೋಲಾರಾ ಅಂತ ಕೇಳಿದೆ. "ಎಲ್ಲಾ ಬರುತ್ತೆ ಮೇಡಂ, ಐದು ಸಾವಿರ ಅಡ್ವಾನ್ಸ್ ಕೊಡಿ" ಅಂದ.

ಇನ್ನೊಂದು ಮಾತು. ಮೀಟರ್ ಇನ್ನೂ ನಮ್ಮ ಮಾವನವರ ಹೆಸರಲ್ಲಿದೆ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು.

ಕೇಶ್ವಾಪುರ ಕಟ್ಟೆ (9:52)

ಎಲ್ಲಾ ಬರುತ್ತೆ ಅಂದವನು ಅಡ್ವಾನ್ಸ್ ತಗೊಂಡ ಮೇಲೆ ಮತ್ತೆ ಬರಲ್ಲ ಅಕ್ಕಾರೆ.

ಉಣಕಲ್ ದಂಡೆ (10:05)

ಅಕ್ಕಾ, ಆ 78 ಸಾವಿರ ಸುಳ್ಳಲ್ಲ. ಆದರೆ ಅದು ನೀರು ಕಾಯಿಸುವುದಕ್ಕಲ್ಲ, ಕರೆಂಟ್ ಮಾಡುವ ಪ್ಯಾನೆಲ್‌ಗೆ. ಪಿಎಂ ಸೂರ್ಯಘರ್ ಯೋಜನೆ, ಫೆಬ್ರವರಿ 2024ರಲ್ಲಿ ಶುರುವಾದದ್ದು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000. ಅದರ ಮೇಲೆ 5 ಹಾಕಿಸಿ, 10 ಹಾಕಿಸಿ, ಸಬ್ಸಿಡಿ ಅಷ್ಟೇ.

ನೀರಿನ ಸೋಲಾರ್‌ಗೆ ಹಿಂದೆ ಕೇಂದ್ರದ 30 ಪರ್ಸೆಂಟ್ ಸಬ್ಸಿಡಿ ಇತ್ತು. 2014ರಲ್ಲಿ ನಿಂತಿತು. ಈಗ ಸಿಗುವ ಒಂದೇ ಸಮಾಧಾನ ಎಂದರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. ಕೊಟೇಶನ್‌ನಲ್ಲಿ 12 ಹಾಕಿದ್ದರೆ ಅಲ್ಲೇ ಹಿಡಿಯಿರಿ.

ಬೆಟಗೇರಿ ಮಗ್ಗ (10:11)

ಬಿಲ್ಲಿನಲ್ಲಿ ಸೋಲಾರ್ ರಿಯಾಯಿತಿ ಅಂತ ಒಂದು ಸಾಲು ಬರುತ್ತಿತ್ತಲ್ಲ, ಅದನ್ನು ಮರೆತಿರಾ? ವಾಟರ್ ಹೀಟರ್ ಇದ್ದ ಮನೆಗೆ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ನಮ್ಮ ಅಪ್ಪ ಆ ಐವತ್ತು ರೂಪಾಯಿಗಾಗಿ ಸೆಕ್ಷನ್ ಆಫೀಸಿಗೆ ಮೂರು ಸಲ ಹೋಗಿದ್ದರು. ಆಟೋಕ್ಕೆ ಕೊಟ್ಟದ್ದು ನೂರಾ ಎಂಬತ್ತು.

ಕೇಶ್ವಾಪುರ ಕಟ್ಟೆ (10:13)

ಗದಗಿನವರ ಲೆಕ್ಕ 😂

ಬೆಟಗೇರಿ ಮಗ್ಗ (10:14)

ಹಕ್ಕು ಅಂದರೆ ಹಕ್ಕು ರೀ. ನಾಲ್ಕು ತಿಂಗಳಲ್ಲಿ ಆಟೋ ದುಡ್ಡು ವಾಪಸ್ ಬಂತು, ಆಮೇಲೆಲ್ಲ ಲಾಭವೇ.

ಸಪ್ತಾಪುರ ಬಾಡಿಗೆ ರೂಮ್ (10:20)

ಗೃಹಜ್ಯೋತಿ 200 ಯೂನಿಟ್ ಫ್ರೀ ಅಲ್ವಾ? 214 ಬಂದರೆ 14ಕ್ಕೆ ಮಾತ್ರ ದುಡ್ಡು ಕಟ್ಟಬೇಕು. ಹದಿನೆಂಟು ನೂರು ಹೇಗೆ? ಬಿಲ್ ತಪ್ಪಿದೆ, ದೂರು ಕೊಡಿ.

ನಿವೃತ್ತ ಲೈನ್‌ಮನ್ (10:34)

ತಮ್ಮಾ, ಬಿಲ್ ಸರಿ ಇದೆ. ಈ ತಪ್ಪು ತಿಳಿವಳಿಕೆ ಊರ ತುಂಬಾ ಇದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಎಲ್ಲರಿಗೂ 200 ಫ್ರೀ ಅಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ 10 ಪರ್ಸೆಂಟ್. ಅದು ನಿಮ್ಮ ಮಿತಿ. ಮಿತಿ ದಾಟಿ 200ರ ಒಳಗಿದ್ದರೆ ದಾಟಿದ್ದಕ್ಕೆ ಮಾತ್ರ ಕಟ್ಟಬೇಕು. 200 ದಾಟಿತೋ, ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. 201 ಆದರೂ ಅಷ್ಟೇ. ಅಕ್ಕಾರು 14 ಯೂನಿಟ್‌ನಿಂದ ಕೆಟ್ಟರು.

ಮಾಳಮಡ್ಡಿ ಅಕ್ಕ (10:41)

ಕಾಕಾ, ಹಳೇ ಚೀಟಿ ತೆಗೆದು ನೋಡಿದೆ. ನಮ್ಮ ಸರಾಸರಿ 148, ಮಿತಿ 163. ಅಂದರೆ ಬರೀ 14 ಯೂನಿಟ್ ಕಡಿಮೆ ಸುಟ್ಟಿದ್ದರೆ ಇಷ್ಟು ಕಟ್ಟಬೇಕಿರಲಿಲ್ಲ. ಹೊಟ್ಟೆ ಉರಿಯಿತು.

ಲೆಕ್ಕದ ಮಾಸ್ತರ್ (11:15)

ನಿದ್ದೆ ಬರುತ್ತಿಲ್ಲ, ಲೆಕ್ಕ ಮಾಡಿದೆ.

ಒಂದು ಬಕೆಟ್ ಅಂದರೆ 18 ಲೀಟರ್. ಧಾರವಾಡದ ಚಳಿಗೆ ಟ್ಯಾಂಕಿನ ನೀರು 20 ಡಿಗ್ರಿ ಇಟ್ಟುಕೊಳ್ಳಿ. ಮೈಗೆ ಹಿತವಾಗಿ 40 ಡಿಗ್ರಿ ಬೇಕು. ಆ 20 ಡಿಗ್ರಿ ಏರಿಸಲು 0.42 ಯೂನಿಟ್. ಐದು ಜನ, ದಿನಕ್ಕೆ 2.1. ತಿಂಗಳಿಗೆ 63 ಯೂನಿಟ್. ಇದು ಸ್ನಾನಕ್ಕೆ ಹೋದದ್ದು. ಯಾವ ಕಂಪನಿಯ ಗೀಸರ್ ತಂದರೂ ಇದನ್ನು ಕಡಿಮೆ ಮಾಡಲು ಆಗಲ್ಲ.

ಈಗ ರಾತ್ರಿ ಇಡೀ ಹಾಕಿಡುವ ವಿಷಯ. ಕಾದ ನೀರು ಟ್ಯಾಂಕಿನಲ್ಲಿ ಸುಮ್ನೆ ತಣಿಯುತ್ತೆ. ಟಕ್ ಅಂತ ಮತ್ತೆ ಕಾಯಿಸುತ್ತೆ. ಮತ್ತೆ ತಣಿಯುತ್ತೆ. ಒಳಗಿನ ಹೊದಿಕೆ ಹಾಳಾದ ಹಳೇ ಗೀಸರ್ ಆದರೆ ಹೀಗೆ ದಿನಕ್ಕೆ ಒಂದು ಯೂನಿಟ್ ತನಕ ಗಾಳಿಗೆ ಹೋಗಬಹುದು. ತಿಂಗಳಿಗೆ 30. ಅಕ್ಕಾ, ನಿಮಗೆ ಬೇಕಿದ್ದದ್ದು 14 ಅಲ್ವಾ? ಸಬ್ಸಿಡಿ ನಿಮ್ಮ ಗೀಸರ್ ಸ್ವಿಚ್ಚಿನಲ್ಲೇ ಇದೆ. ಒಂದು ಟೈಮರ್ ಸಾಕೆಟ್ ತಗೊಳ್ಳಿ. 16 ಆಂಪ್ಸಿನದೇ ಇರಲಿ, ಮೊಬೈಲ್ ಚಾರ್ಜರಿನ ಟೈಮರ್ ಹಾಕಿದರೆ ಕರಗುತ್ತೆ. ಬೆಳಗ್ಗೆ 4:15ಕ್ಕೆ ಆನ್, 5ಕ್ಕೆ ಆಫ್. ಅತ್ತೆಯವರಿಗೆ ನೀರು ಸಿದ್ಧ.

ಗೋಕುಲ ರೋಡ್ ಎಸಿ (11:22)

ಮಾಸ್ತರ್, 3 ಕಿಲೋವ್ಯಾಟ್ ಇನ್‌ಸ್ಟಂಟ್ ಹಾಕಿಸಿದರೆ? ಅದು ಜಾಸ್ತಿ ತಿನ್ನುತ್ತೆ ಅಂತಾರೆ.

ಲೆಕ್ಕದ ಮಾಸ್ತರ್ (11:26)

ತಿನ್ನಲ್ಲ. ಬೇಗ ತಿನ್ನುತ್ತೆ ಅಷ್ಟೇ. ಅದೇ ಬಕೆಟ್‌ಗೆ ಅದೇ 0.42. ಎರಡು ಕೈಯಲ್ಲಿ ಗಿರಮಿಟ್ ತಿಂದರೆ ಪ್ಲೇಟಿನಲ್ಲಿದ್ದದ್ದು ಎರಡು ಪಟ್ಟು ಆಗುತ್ತಾ?

ವಿದ್ಯಾನಗರ ಮಿರ್ಚಿ (11:28)

ರಾತ್ರಿ ಹನ್ನೊಂದೂವರೆಗೆ ಗಿರಮಿಟ್ ನೆನಪು ಮಾಡಿದ್ದಕ್ಕೆ ನಿಮಗೆ ಒಳ್ಳೆಯದಾಗಲ್ಲ ಮಾಸ್ತರ್.

ಹಾನಗಲ್ ತೋಟ (ಜನವರಿ 8, ಬೆಳಗ್ಗೆ 6:10)

ಇಷ್ಟೆಲ್ಲ ಯಾಕೆ? ನಮ್ಮಲ್ಲಿ ಬಚ್ಚಲ ಒಲೆ, ತಾಮ್ರದ ಹಂಡೆ. ಅಡಿಕೆ ಸೋಗೆ, ತೆಂಗಿನ ಗರಿ, ಕುರುಳು ಹಾಕಿದರೆ ಮುಗಿಯಿತು. ಯೂನಿಟ್ ಸೊನ್ನೆ.

ಉಣಕಲ್ ದಂಡೆ (7:02)

ತೋಟ ಇದ್ದವರಿಗೆ ಚೆಂದ. ಮಾಳಮಡ್ಡಿಯಲ್ಲಿ ಕಟ್ಟಿಗೆ ಯಾರು ತರುತ್ತಾರೆ? ಹೊಗೆ ಯಾರ ಕಣ್ಣಿಗೆ? ನಮ್ಮಜ್ಜಿ ನಲವತ್ತು ವರ್ಷ ಆ ಒಲೆ ಊದಿ ಊದಿ ಕೊನೆಗೆ ಉಬ್ಬಸದಲ್ಲಿ ಒದ್ದಾಡಿದರು. ಹಂಡೆ ನೀರು ಹಿತ ಅಂತ ಹೇಳುವವರು ಬಹಳ ಮಾಡಿ ಗಂಡಸರೇ, ಗಮನಿಸಿದ್ದೀರಾ?

ಹಾನಗಲ್ ತೋಟ (7:09)

ನಮ್ಮಲ್ಲಿ ಒಲೆ ಹಚ್ಚುವವನು ನಾನೇ ಸ್ವಾಮಿ. ಈಗಲೂ ಅಲ್ಲೇ ಕೂತು ಬರೆಯುತ್ತಿದ್ದೇನೆ.

ಮಾಳಮಡ್ಡಿ ಅಕ್ಕ (7:30)

ನಮ್ಮ ಮನೆಯಲ್ಲೂ ಹಂಡೆ ಇನ್ನೂ ಇದೆ. ಮಾರೋಣ ಅಂದರೆ ಅತ್ತೆ ಒಪ್ಪಲ್ಲ. ದೀಪಾವಳಿಗೆ ನೀರು ತುಂಬುವ ಹಬ್ಬಕ್ಕೆ ಏನು ಗೀಸರಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತೀಯಾ, ಹಾಗಲಬಳ್ಳಿ ಕಟ್ಟುತ್ತೀಯಾ ಅಂತ ಕೇಳಿದರು. ಉತ್ತರ ಹೊಳೆಯಲಿಲ್ಲ.

ಗೋಕುಲ ರೋಡ್ ಎಸಿ (9:15)

ನಾನು ಸೂರ್ಯಘರ್‌ನಲ್ಲಿ ಹಾಕಿಸಿದವನು. ಅನುಭವ ಹೇಳುತ್ತೇನೆ, ಉದ್ದವಾದರೆ ಕ್ಷಮಿಸಿ.

ನಮ್ಮದು ಎರಡು ಎಸಿ, ತಿಂಗಳಿಗೆ 350 ಯೂನಿಟ್. ಗೃಹಜ್ಯೋತಿ ನಮ್ಮ ಕಡೆ ತಿರುಗಿಯೂ ನೋಡಿಲ್ಲ. 3 ಕಿಲೋವ್ಯಾಟ್ ಹಾಕಿಸಿದೆ. ಒಟ್ಟು ಖರ್ಚು 1,90,000. ಮೊದಲು ಪೂರ್ತಿ ನಾವೇ ಕೊಡಬೇಕು, ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತೆ. ಇದನ್ನು ಏಜೆಂಟರು ಮೆಲ್ಲಗೆ ಹೇಳುತ್ತಾರೆ. ಪೂರ್ತಿ ದುಡ್ಡು ಇಲ್ಲದವರಿಗೆ ಬ್ಯಾಂಕಿನಲ್ಲಿ ಅಡಮಾನ ಇಲ್ಲದ ಸಾಲ ಇದೆ.

ಕ್ರಮ ಹೀಗೆ. ಪೋರ್ಟಲ್‌ನಲ್ಲಿ ನಿಮ್ಮ ವಿದ್ಯುತ್ ಕಂಪನಿ, ಅಂದರೆ ನಮಗೆ ಹೆಸ್ಕಾಂ, ಮತ್ತು ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆ ಹಾಕಿ ನೋಂದಣಿ. ಅಲ್ಲಿ ಪಟ್ಟಿಯಲ್ಲಿರುವ ವೆಂಡರ್‌ನಲ್ಲಿ ಒಬ್ಬನನ್ನು ಆರಿಸಿ. ಅವನು ಹಾಕಿದ ಮೇಲೆ ನೆಟ್ ಮೀಟರ್ (ನಾವು ಲೈನಿಗೆ ಕೊಟ್ಟದ್ದು, ಲೈನಿನಿಂದ ತಗೊಂಡದ್ದು ಎರಡನ್ನೂ ಎಣಿಸುವುದು), ಪರಿಶೀಲನೆ, ಕಮಿಷನಿಂಗ್ ಸರ್ಟಿಫಿಕೇಟ್. ಕೊನೆಗೆ ಬ್ಯಾಂಕ್ ವಿವರ. ನನಗೆ 23ನೇ ದಿನಕ್ಕೆ 78,000 ಬಂತು. ಅದಕ್ಕೂ ಮೊದಲು ವೆಂಡರ್ ಎರಡು ತಿಂಗಳು ಆಟ ಆಡಿಸಿದ, ಅದು ಬೇರೆ ಕಥೆ. ಪ್ಯಾನೆಲ್ ಇಟ್ಟ, ಸ್ಟ್ಯಾಂಡ್ ಬೋಲ್ಟ್ ಇಲ್ಲ. ಬೋಲ್ಟ್ ಬಂತು, ಹುಡುಗರು ಇಲ್ಲ. ಹುಡುಗರು ಬಂದರು, ಮಳೆ.

ಪ್ಯಾನೆಲ್ ಹಿಂದಿನ ಸ್ಟಿಕರ್ ನೋಡಿ. ಸಬ್ಸಿಡಿ ಬೇಕಾದರೆ ಸೆಲ್ಲೂ ಪ್ಯಾನೆಲ್ಲೂ ಭಾರತದಲ್ಲೇ ತಯಾರಾಗಿರಬೇಕು. ಡಿಸಿಆರ್ ಅಂತಾರೆ. ನನಗೆ ಮೊದಲು ಅಗ್ಗದ ಬೇರೆ ಪ್ಯಾನೆಲ್ ತಂದಿದ್ದ, ವಾಪಸ್ ಕಳಿಸಿದೆ.

ಈಗ ಬಿಲ್? ಬೇಸಿಗೆಯಲ್ಲಿ ಫಿಕ್ಸೆಡ್ ಚಾರ್ಜ್ ಮಾತ್ರ. ಜುಲೈನಲ್ಲಿ ಮೋಡ, ಆಗ ಸ್ವಲ್ಪ ಬರುತ್ತೆ.

ವಿದ್ಯಾನಗರ ಮಿರ್ಚಿ (9:40)

ಕರೆಂಟ್ ಹೋದಾಗ ಎಸಿ ಓಡುತ್ತಾ?

ಗೋಕುಲ ರೋಡ್ ಎಸಿ (9:44)

ಇಲ್ಲ. ಮೊದಲ ದಿನವೇ ಹೋಯಿತು. ಮೇಲೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಫ್ಯಾನ್ ಬಂದ್. ಹೆಂಡತಿ ಮುಖ ನೋಡಲು ಆಗಲಿಲ್ಲ.

ನಿವೃತ್ತ ಲೈನ್‌ಮನ್ (10:02)

ಅದು ದೋಷ ಅಲ್ಲ. ಕಂಬದ ಮೇಲೆ ನಮ್ಮಂಥವನು ಹತ್ತಿರುತ್ತಾನೆ. ಲೈನ್ ಆಫ್ ಮಾಡಿದ್ದೇವೆ ಎಂದು ನಂಬಿ ತಂತಿ ಮುಟ್ಟುತ್ತಾನೆ. ಆಗ ನಿಮ್ಮ ಮಾಳಿಗೆಯಿಂದ ಕರೆಂಟ್ ಹಿಂದಕ್ಕೆ ಹರಿದರೆ ಅವನ ಗತಿ? ಅದಕ್ಕೇ ಲೈನ್ ಹೋದ ಕೂಡಲೇ, ಪ್ಯಾನೆಲ್ ಕರೆಂಟನ್ನು ಮನೆಗೆ ಹೊಂದಿಸುವ ಇನ್ವರ್ಟರ್ ತಾನೇ ನಿಲ್ಲುತ್ತೆ. ಬ್ಯಾಟರಿ ಇರುವ ಹೈಬ್ರಿಡ್ ಹಾಕಿಸಿದರೆ ಮನೆಯ ಒಳಗೆ ಮಾತ್ರ ಓಡುತ್ತೆ, ಆದರೆ ಬ್ಯಾಟರಿ ದುಬಾರಿ. ನಾನು 31 ವರ್ಷ ಕಂಬ ಹತ್ತಿದವನು. ಒಮ್ಮೆ ಯಾರೋ ಮನೆಯ ಜನರೇಟರ್ ಸರಿಯಾಗಿ ಕಟ್ಟದೆ ಹಿಂದಕ್ಕೆ ಬಿಟ್ಟಿದ್ದರು. ಬಲಗೈ ಎರಡು ಬೆರಳು ಈಗಲೂ ಮಡಚಲ್ಲ.

ಕೇಶ್ವಾಪುರ ಕಟ್ಟೆ (10:05)

🙏 ಕಾಕಾ

ಲೆಕ್ಕದ ಮಾಸ್ತರ್ (10:30)

ಗೋಕುಲ ರೋಡಿನವರ ಲೆಕ್ಕ ಸರಿ. 1,90,000ದಲ್ಲಿ 78,000 ಕಳೆದರೆ 1,12,000. ತಿಂಗಳಿಗೆ ಎರಡು ಸಾವಿರದ ಮೇಲೆ ಉಳಿದರೆ ನಾಲ್ಕೂವರೆ ವರ್ಷದಲ್ಲಿ ಬಂತು. 3 ಕಿಲೋವ್ಯಾಟ್ ಅಂದರೆ ಒಳ್ಳೆ ಬಿಸಿಲಿಗೆ ದಿನಕ್ಕೆ 12 ಯೂನಿಟ್ ಹತ್ತಿರ.

ಆದರೆ ಮಾಳಮಡ್ಡಿ ಅಕ್ಕನಿಗೆ ಇದೇ ಲೆಕ್ಕ ಹೊಂದಲ್ಲ. ಅವರಿಗೆ ವರ್ಷದಲ್ಲಿ ಎರಡು ಮೂರು ತಿಂಗಳು ಬಿಟ್ಟರೆ ಬಿಲ್ಲೇ ಇಲ್ಲ. ಇಲ್ಲದ ಬಿಲ್ ಉಳಿಸಲು ಲಕ್ಷ ರೂಪಾಯಿ ಯಾಕೆ? ಸಬ್ಸಿಡಿ ಇದೆ ಅಂತ ವಸ್ತು ಕೊಳ್ಳುವುದು, ರಿಬೇಟ್ ಇದೆ ಅಂತ ಬೇಡದ ಸೀರೆ ತಂದ ಹಾಗೆ.

ಉಣಕಲ್ ದಂಡೆ (10:44)

ಇದನ್ನು ಒಪ್ಪಲ್ಲ ಮಾಸ್ತರ್. ಪ್ಯಾನೆಲ್ 25 ವರ್ಷ ಬಾಳುತ್ತೆ. ಗೃಹಜ್ಯೋತಿ 2023ರಲ್ಲಿ ಬಂತು, ಅಷ್ಟು ವರ್ಷ ಇರುತ್ತೆ ಅಂತ ಬರೆದು ಕೊಡುತ್ತೀರಾ? ಸೂರ್ಯಘರ್ ಕೂಡ 2026-27ರ ತನಕ ಅಂತ ಇರುವುದು. ಆಮೇಲೆ ಅಯ್ಯೋ ಅಂದರೆ?

ಲೆಕ್ಕದ ಮಾಸ್ತರ್ (10:50)

ಹೋಗುವ ಬಸ್ಸು ಅಂತ ಓಡಿ ಹತ್ತಿದರೆ ಅದು ನಮ್ಮೂರಿಗೆ ಹೋಗಬೇಕಲ್ಲ?

ಉಣಕಲ್ ದಂಡೆ (10:53)

ಗಾದೆ ಬಿಡಿ, ಲೆಕ್ಕ ಕೊಡಿ.

ಲೆಕ್ಕದ ಮಾಸ್ತರ್ (11:10)

ಕೊಡುತ್ತೇನೆ. ಅವರ ಆರ್‌ಸಿಸಿ ಎರಡೇ ಕೋಣೆ. 1 ಕಿಲೋವ್ಯಾಟ್‌ಗೆ ಸುಮಾರು ನೂರು ಚದರ ಅಡಿ ನೆರಳಿಲ್ಲದ ಜಾಗ ಬೇಕು. ಅಕ್ಕಾ, ಮಾಳಿಗೆ ಎಷ್ಟಿದೆ?

ಮಾಳಮಡ್ಡಿ ಅಕ್ಕ (11:32)

ಅಳತೆ ಮಾಡಿಸಿದೆ. 220 ಚದರ ಅಡಿ. ಅದರಲ್ಲಿ ನೀರಿನ ಟ್ಯಾಂಕ್ ಒಂದು ಮೂಲೆ. ಪಶ್ಚಿಮಕ್ಕೆ ಪಕ್ಕದ ಮನೆಯ ಮಾವಿನಮರ, ಮೂರು ಗಂಟೆಗೆ ನೆರಳು ಬೀಳುತ್ತೆ. ದಕ್ಷಿಣ ತೆರೆದಿದೆ. ಹಂಡೆಯೂ ಈಗ ಅಲ್ಲೇ ಕವುಚಿ ಇಟ್ಟಿದ್ದೇವೆ.

ಲೆಕ್ಕದ ಮಾಸ್ತರ್ (11:35)

ನನ್ನ ವಾದ ಮುಗಿಯಿತು. ಆ ಜಾಗಕ್ಕೆ ನೀರಿನ ಸೋಲಾರ್ ಸರಿ. 100 ಲೀಟರಿನದು ಮೂವತ್ತು ನಲವತ್ತು ಚದರ ಅಡಿಯಲ್ಲಿ ಕೂರುತ್ತೆ. ಸಬ್ಸಿಡಿ ಸೊನ್ನೆ ಇರಲಿ, ಚಳಿಗಾಲದ 63 ಯೂನಿಟ್‌ನಲ್ಲಿ ಬಹುಪಾಲು ಉಳಿಯುತ್ತೆ.

ಉಣಕಲ್ ದಂಡೆ (11:41)

ಈ ಮಾಳಿಗೆಗೆ ಒಪ್ಪಿದೆ. ಇದೊಂದಕ್ಕೇ.

ಮುಳಗುಂದ ನಾಕಾ (ಮಧ್ಯಾಹ್ನ 1:20)

ನೀರು ಯಾವುದು ಅಂತ ಯಾರೂ ಕೇಳಲಿಲ್ಲವಲ್ಲ! ಗದಗಿನಲ್ಲಿ ನಾನು ಬೋರ್‌ವೆಲ್ ನೀರಿಗೆ ತಾಮ್ರದ ಕೊಳವೆಯ ಫ್ಲಾಟ್ ಪ್ಲೇಟ್ ಸೋಲಾರ್ ಹಾಕಿಸಿ ಕೆಟ್ಟೆ. ನಾಲ್ಕನೇ ವರ್ಷಕ್ಕೆ ಬಿಸಿಯೇ ಇಲ್ಲ. ಬಿಚ್ಚಿಸಿದರೆ ಕೊಳವೆ ಒಳಗೆ ಸುಣ್ಣ. ಒಂದು ತುಂಡು ಕತ್ತರಿಸಿ ತೋರಿಸಿದ. ಬೆರಳು ಹೋಗುವ ಜಾಗದಲ್ಲಿ ಬೆಂಕಿಕಡ್ಡಿ ಹೋಗುತ್ತಿತ್ತು. ಗಡಸು ನೀರಿಗೆ ಗಾಜಿನ ಟ್ಯೂಬಿನದು, ಇಟಿಸಿ ಅಂತಾರಲ್ಲ, ಅದು ಮೇಲು. ಟ್ಯೂಬ್ ತೆಗೆದು ತೊಳೆಯಬಹುದು. ನದಿ ನೀರಾದರೆ ತಾಮ್ರದ್ದು ತುಂಬಾ ವರ್ಷ ಬರುತ್ತೆ.

ಸಾಧನಕೇರಿ ಕೋತಿ (1:34)

ಗಾಜಿನದು ಧಾರವಾಡದಲ್ಲಾ? ನನ್ನ ಹೆಸರು ನೋಡಿ, ಸುಮ್ನೆ ಇಟ್ಟುಕೊಂಡಿಲ್ಲ.

ನಮ್ಮಲ್ಲಿ ಕಳೆದ ವರ್ಷ ಹದಿನೈದು ಟ್ಯೂಬಿನಲ್ಲಿ ನಾಲ್ಕು ಹೋದವು. ಎರಡು ಮುಸುವ ಟ್ಯಾಂಕಿನ ಮೇಲೆ ಕೂತು ಪೇರಲ ಹಣ್ಣು ತಿನ್ನುತ್ತಿದ್ದವು. ಮೂರನೆಯದು ಬಂದು ಕಿತ್ತುಕೊಳ್ಳಲು ಹೋಯಿತು. ಜಾರಿದ್ದು ಟ್ಯೂಬಿನ ಮೇಲೆ. ಫಟ್! ಟ್ಯಾಂಕಿನ ಬಿಸಿನೀರೆಲ್ಲ ಮಾಳಿಗೆ ಮೇಲೆ, ಅಲ್ಲಿಂದ ಒಣಹಾಕಿದ್ದ ಹಪ್ಪಳದ ಮೇಲೆ. ವಾರಂಟಿ ಕೇಳಿದರೆ "ಕೋತಿ ವಾರಂಟಿಯಲ್ಲಿ ಬರಲ್ಲ ಸರ್" ಅಂದರು.

ವಿದ್ಯಾನಗರ ಮಿರ್ಚಿ (1:36)

ಹಪ್ಪಳ ಏನಾಯಿತು?

ಸಾಧನಕೇರಿ ಕೋತಿ (1:37)

ಅಂಬಲಿ.

ಮುಳಗುಂದ ನಾಕಾ (1:45)

ಮೇಲೆ ಕಬ್ಬಿಣದ ಜಾಳಿಗೆ ಹಾಕಿಸಿ. ಎತ್ತರಕ್ಕೆ ಹಾಕಿಸಬೇಕು, ನೆರಳು ಬೀಳದಷ್ಟು ಅಗಲ ಕಣ್ಣಿನದು. ಮಾರುವವನು ಹಾಕಲ್ಲ, ವೆಲ್ಡಿಂಗ್ ಅಂಗಡಿಯಲ್ಲಿ ಬೇರೆ ಮಾಡಿಸಬೇಕು.

ರಾಣೆಬೆನ್ನೂರು ಪ್ಲಂಬರ್ (3:05)

ನಾನು ಈ ಕೆಲಸ ಮಾಡುವವನು. ಎರಡು ಮಾತು.

ಒಂದು, ತಣ್ಣೀರಿನ ಟ್ಯಾಂಕ್ ಸೋಲಾರ್ ಟ್ಯಾಂಕಿಗಿಂತ ಮೇಲಿರಬೇಕು. ಬಿಸಿನೀರು ತಾನೇ ಮೇಲೆ ಏರುತ್ತೆ, ತಣ್ಣೀರು ತಾನೇ ಕೆಳಗೆ ಬರುತ್ತೆ, ಮೋಟರ್ ಇಲ್ಲ. ಎತ್ತರ ತಪ್ಪಿದರೆ ಎಷ್ಟು ಒಳ್ಳೆ ಕಂಪನಿಯದಾದರೂ ದಂಡ. ಹಳೇ ಮನೆಗಳಲ್ಲಿ ಸಿಂಟೆಕ್ಸ್ ನೆಲಕ್ಕೇ ಕೂತಿರುತ್ತೆ. ಮೊದಲು ಅದಕ್ಕೆ ಕಟ್ಟೆ ಅಥವಾ ಸ್ಟ್ಯಾಂಡ್. ಈ ಖರ್ಚನ್ನು ಕೊಟೇಶನ್‌ನಲ್ಲಿ ಯಾರೂ ಬರೆಯಲ್ಲ.

ಎರಡು, ಪೈಪ್. ಮಾಳಿಗೆಯಿಂದ ಬಚ್ಚಲಿಗೆ 40 ಅಡಿ ಪೈಪ್ ಇದ್ದರೆ ನಲ್ಲಿ ತಿರುಗಿಸಿದಾಗ ಮೊದಲು ಅದರೊಳಗಿನ ತಣ್ಣೀರೇ ಬರುತ್ತೆ. ಜನ ಅದನ್ನು ಚರಂಡಿಗೆ ಬಿಡುತ್ತಾರೆ. ಹುಬ್ಬಳ್ಳಿಯಲ್ಲಿ ನೀರು ವಾರಕ್ಕೊಮ್ಮೆ ಬರುವ ಓಣಿಯವರೂ ಬಿಡುವುದನ್ನು ನೋಡಿದ್ದೇನೆ. ಪೈಪಿಗೆ ಕಪ್ಪು ಫೋಮ್ ಸುತ್ತಿಸಿ. ಕಡಿಮೆ ಖರ್ಚು, ಹೆಚ್ಚು ಉಪಯೋಗ.

ಸಪ್ತಾಪುರ ಬಾಡಿಗೆ ರೂಮ್ (3:20)

ನಮ್ಮಂಥ ಬಾಡಿಗೆಯವರಿಗೆ ಏನೂ ಇಲ್ವಾ? ಮಾಳಿಗೆ ನಮ್ಮದಲ್ಲ. ಮಾಲೀಕರು ಬಟ್ಟೆ ಒಣಹಾಕಲೂ ಬಿಡಲ್ಲ. ನಾವು ನಾಲ್ಕು ಹುಡುಗರು, ಬಕೆಟ್‌ಗೆ ರಾಡ್ ಹಾಕುತ್ತೇವೆ.

ನಿವೃತ್ತ ಲೈನ್‌ಮನ್ (3:31)

ತಮ್ಮಾ, ಗೃಹಜ್ಯೋತಿ ಬಾಡಿಗೆಯವರಿಗೂ ಇದೆ, ಸೇವಾಸಿಂಧುವಿನಲ್ಲಿ ಅರ್ಜಿ. ರಾಡ್ ಹಾಕುವುದಾದರೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ನೀರಿಗೆ ಕೈ. ಬೆರಳು ಅದ್ದಿ ಬಿಸಿ ನೋಡುವ ಚಾಳಿ ಬೇಡ.

ಶಿಗ್ಗಾಂವಿ ಸ್ಟ್ಯಾಂಡ್ (4:10)

ಗ್ಯಾಸ್ ಗೀಸರ್ ಅಗ್ಗ ಅಲ್ವಾ? ಯಾರೂ ಹೇಳಲಿಲ್ಲ.

ಉಣಕಲ್ ದಂಡೆ (4:16)

ಬಚ್ಚಲೊಳಗೆ ಬೇಡವೇ ಬೇಡ. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ, ತಲೆ ಸುತ್ತಿ ಬೀಳುವ ತನಕ ಗೊತ್ತಾಗಲ್ಲ. ಹಾಕಿಸಲೇಬೇಕೆಂದರೆ ಹೊರಗೆ, ಗಾಳಿ ಆಡುವ ಕಡೆ ಇಟ್ಟು ಪೈಪ್ ಮಾತ್ರ ಒಳಗೆ ತನ್ನಿ.

ತೇಜಸ್ವಿನಗರದ ಅಜ್ಜ (5:45)

ನನ್ನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಹೀಟ್ ಪಂಪಿಗೆ ಖರ್ಚಿನ 30 ಪರ್ಸೆಂಟ್, ಎರಡು ಸಾವಿರ ಡಾಲರ್ ತನಕ ತೆರಿಗೆಯಲ್ಲಿ ಬಿಡುತ್ತಿದ್ದರಂತೆ. ಮುಂದಿನ ವರ್ಷ ನೋಡೋಣ ಎಂದು ಕೂತ. ಡಿಸೆಂಬರ್ 31, 2025ಕ್ಕೆ ಅದು ಮುಗಿಯಿತು. ಈಗ ಸೊಸೆ ದಿನಾ ಅದನ್ನೇ ಹೇಳುತ್ತಾಳಂತೆ. ಸಬ್ಸಿಡಿ ವಿಷಯದಲ್ಲಿ ಧಾರವಾಡವೂ ಒಂದೇ, ಅಮೆರಿಕವೂ ಒಂದೇ.

ಕೇಶ್ವಾಪುರ ಕಟ್ಟೆ (5:50)

ಪೇಡೆ ಮಾತ್ರ ಬೇರೆ.

ಮಾಳಮಡ್ಡಿ ಅಕ್ಕ (6:30)

ಮಾವನವರ ಹೆಸರಿನ ಮೀಟರ್ ವಿಷಯ ಯಾರಾದರೂ ಹೇಳಿ. ಮುಂದೆ ಎಂದಾದರೂ ಸೂರ್ಯಘರ್ ಹಾಕಿಸುವುದಾದರೂ ಬೇಕಲ್ಲ.

ನಿವೃತ್ತ ಲೈನ್‌ಮನ್ (7:05)

ಮೊದಲು ಮಾಡಬೇಕಾದ ಕೆಲಸವೇ ಅದು ತಂಗಿ. ತೀರಿಕೊಂಡವರ ಖಾತೆಗೆ ಸರ್ಕಾರ ದುಡ್ಡು ಹಾಕಲ್ಲ. ಬಿಲ್ಲಿನ ಹೆಸರು, ಅರ್ಜಿಯ ಹೆಸರು, ಬ್ಯಾಂಕಿನ ಹೆಸರು ಮೂರೂ ಕೂಡಬೇಕು. ಎಷ್ಟೋ ಜನ ಪ್ಯಾನೆಲ್ ಹಾಕಿಸಿ ಆಮೇಲೆ ಹೆಸರಿಗಾಗಿ ಓಡಾಡುತ್ತಾರೆ.

ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆಯ ಖಾತೆ ಉತಾರ, ತೆರಿಗೆ ತುಂಬಿದ ಪಾವತಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರ. ಇವನ್ನು ಇಟ್ಟುಕೊಂಡು ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ಮೀಟರ್ ಸಂಪರ್ಕದ ಸಂಖ್ಯೆ) ವರ್ಗಾವಣೆ ಅಂತ ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಕೇಳಿ. ಒಪ್ಪಿಗೆ ಪತ್ರಕ್ಕೇ ಬಹಳ ಮನೆಗಳಲ್ಲಿ ಕೆಲಸ ನಿಲ್ಲುವುದು. ಅಣ್ಣ ತಮ್ಮಂದಿರು ಮೀಟರ್ ಅಂದರೆ ಮನೆಯೇ ಅಂದುಕೊಳ್ಳುತ್ತಾರೆ.

ಮಾಳಮಡ್ಡಿ ಅಕ್ಕ (7:12)

ಕಾಕಾ, ನಿಮಗೆ ನಮ್ಮ ಮೈದುನ ಗೊತ್ತಾ? 🙂

ನಿವೃತ್ತ ಲೈನ್‌ಮನ್ (7:15)

ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ ತಂಗಿ.

ಗೋಕುಲ ರೋಡ್ ಎಸಿ (7:40)

ಇನ್ನೊಂದು. ಮಂಜೂರಾದ ಲೋಡ್, ಅಂದರೆ ಮೀಟರಿಗೆ ಎಷ್ಟು ಕಿಲೋವ್ಯಾಟ್ ಒಪ್ಪಿಗೆ ಇದೆ ಎಂಬುದನ್ನು ನೋಡಿಕೊಳ್ಳಿ. ಹಳೇ ಮನೆಯ ಮೀಟರ್ 1 ಕಿಲೋವ್ಯಾಟ್ ಇದ್ದು ಪ್ಯಾನೆಲ್ 3 ಹಾಕಿಸಿದರೆ ಲೋಡ್ ಏರಿಸಬೇಕಾಗುತ್ತೆ. ಫಿಕ್ಸೆಡ್ ಚಾರ್ಜ್ ಕಿಲೋವ್ಯಾಟ್ ಲೆಕ್ಕ, ಅದೂ ಏರುತ್ತೆ. ಮತ್ತೆ ಪೋರ್ಟಲ್ ವಿಳಾಸದ ಕೊನೆಯಲ್ಲಿ ಜಿಓವಿ ಡಾಟ್ ಇನ್ ಇದೆಯಾ ನೋಡಿ. ಓಟಿಪಿ ಕೇಳಿದವನಿಗೆ ಫೋನ್ ಇಟ್ಟುಬಿಡಿ.

ಹಾನಗಲ್ ತೋಟ (8:20)

ಹಂಡೆ ಮಾರುವುದಾದರೆ ನನಗೆ ಹೇಳಿ ಅಕ್ಕಾ. ನಮ್ಮದು ತಳ ಸೋರುತ್ತಿದೆ.

ಮಾಳಮಡ್ಡಿ ಅಕ್ಕ (ಫೆಬ್ರವರಿ 18, ರಾತ್ರಿ 8:55)

ಎಲ್ಲರಿಗೂ ಉತ್ತರ ಕೊಡದೇ ಮಾಯವಾದೆ, ಕ್ಷಮಿಸಿ. ಮೈದುನನ ಜೊತೆ ಮಾತುಕತೆ ನಡೆದಿತ್ತು. ಈಗ ಒಪ್ಪಿಗೆ ಪತ್ರಕ್ಕೆ ಸಹಿ ಆಯಿತು. ಮೂರು ಸಲ ಊಟಕ್ಕೆ ಕರೆದೆ, ಮೂರನೇ ಸಲ ಹೋಳಿಗೆ ಮಾಡಿದೆ. ಅರ್ಜಿ ಕೊಟ್ಟಿದ್ದೇವೆ.

ಟೈಮರ್ ಜನವರಿ 10ಕ್ಕೆ ಹಾಕಿಸಿದೆ. ಗೀಸರಿನ ತಾಪ ತಿರುಗಿಸುವ ಗುಂಡಿಯನ್ನೂ ಕಡಿಮೆ ಮಾಡಿದೆ. ಜನವರಿ ಬಿಲ್ 171 ಯೂನಿಟ್. ಮಿತಿ ದಾಟಿದ ಎಂಟು ಯೂನಿಟ್‌ಗೆ ಮಾತ್ರ ದುಡ್ಡು. ಮೀಟರ್ ಹುಡುಗ ಈ ಸಲ ನಗಲಿಲ್ಲ.

ನೀರಿನ ಸೋಲಾರ್‌ಗೆ ಮೂರು ಕೊಟೇಶನ್ ತಂದೆ. ಒಂದರಲ್ಲಿ ಜಿಎಸ್‌ಟಿ 12 ಇತ್ತು, ಕೇಳಿದ ಕೂಡಲೇ "ಹಳೇ ಪ್ಯಾಡ್ ಮೇಡಂ" ಅಂತ ತಿದ್ದಿ ಕೊಟ್ಟ. ಟ್ಯಾಂಕಿಗೆ ಕಟ್ಟೆ ಕಟ್ಟಲು ಗೌಂಡಿ ನಾಳೆ ಬರುತ್ತಾನೆ. ಕಪ್ಪು ಫೋಮ್ ತಂದಿಟ್ಟಿದ್ದೇನೆ. ನಮ್ಮದು ಮಲಪ್ರಭಾ ನೀರು, ಅದಕ್ಕೆ ತಾಮ್ರದ್ದೇ.

ಕೇಶ್ವಾಪುರ ಕಟ್ಟೆ (9:01)

ಶಿವರಾತ್ರಿ ಆಯಿತು, ಚಳಿ ಶಿವಶಿವಾ ಅಂತ ಹೋಯಿತು. ಈಗ ಬಿಸಿನೀರಿನ ಸೋಲಾರ್! ಧಾರವಾಡದವರ ಕೆಲಸ ಎಂದರೆ ಹೀಗೆ.

ಮಾಳಮಡ್ಡಿ ಅಕ್ಕ (9:04)

ನಮ್ಮ ಅತ್ತೆಗೆ ಏಪ್ರಿಲ್‌ನಲ್ಲೂ ಬಿಸಿನೀರೇ ಬೇಕು ರೀ.

ಹಾನಗಲ್ ತೋಟ (9:10)

ಹಂಡೆ?

ಮಾಳಮಡ್ಡಿ ಅಕ್ಕ (9:12)

ಸೋಲಾರ್ ಕೂರಿಸಲು ಜಾಗ ಬೇಕಲ್ಲ, ಮಾಳಿಗೆಯಿಂದ ಕೆಳಗೆ ಇಳಿಸಿದೆವು. ಅತ್ತೆ ಹುಣಸೆಹಣ್ಣು ಹಚ್ಚಿ ತಿಕ್ಕಿಸಿ ದೇವರ ಕೋಣೆ ಪಕ್ಕ ಇಡಿಸಿದ್ದಾರೆ. ಮಾರುವ ಮಾತು ಎತ್ತಬೇಡಿ.

ಸಾಧನಕೇರಿ ಕೋತಿ (9:20)

ತಾಮ್ರದ್ದಕ್ಕೂ ಮೇಲೆ ಗಾಜು ಇರುತ್ತೆ ಅಕ್ಕಾ. ಗಟ್ಟಿ ಗಾಜೇ, ಆದರೂ ಜಾಳಿಗೆ ಮರೆಯಬೇಡಿ. ಪಕ್ಕದಲ್ಲೇ ಮಾವಿನಮರ ಅಂದಿದ್ದಿರಿ, ಕಾಯಿ ಬಿಡುವ ಕಾಲ ಬಂತು.